ಏಳು ಮಾಳಿಗೆ, ಒಂದೇ ಅಂಕಿ

ಏಳು ಕೆರೆಯ ನೀರು ಕುಡಿದವನಿಗೂ ತಿಳಿಯದ ಸಂಗತಿ ಎರಡು ದಿನದ ಕ್ಲಾಸಿಗೆ ಹೋಗಿಬಂದವನಿಗೆ ತಿಳಿದಿರುತ್ತದೆ ಎಂಬುದು ಲೋಕದ ನಂಬಿಕೆ. ಬ್ಯಾಡಗಿಯ ರೇಡಿಯೋ ರಿಪೇರಿ ಮಕ್ತುಮಸಾಬನಿಗಂತೂ ಎರಡು ದಿನ ಪೂರ್ತಿ ಬೇಕಾಗಲಿಲ್ಲ. ಒಂದು ಮುಕ್ಕಾಲು ದಿನದಲ್ಲೇ ಪಾರಂಗತನಾಗಿ ಬಂದ. ಉಳಿದ ಕಾಲು ದಿನ ಏನು ಮಾಡಿತು ಎಂಬುದೇ ಈ ಕಥೆ.

ತೊಂಬತ್ಮೂರನೇ ಇಸವಿ. ಮೆಣಸಿನಕಾಯಿ ವ್ಯಾಪಾರಿ ಕರಬಸಪ್ಪನ ದೊಡ್ಡ ಮನೆಯ ಮೆಟ್ಟಿಲ ಕೆಳಗೆ ಪಾರಿವಾಳದ ಗೂಡಿನಂಥ ಒಂದು ಅಂಗಡಿ. ಅದರಲ್ಲಿ ಹದಿನೆಂಟು ವರ್ಷದಿಂದ ಮಕ್ತುಮಸಾಬ ಕೂತಿದ್ದ. ಸುತ್ತಲೂ ಹೊಟ್ಟೆ ಬಿಚ್ಚಿಸಿಕೊಂಡು ಮಲಗಿದ ನಲವತ್ತು ರೇಡಿಯೋಗಳು. ಅವುಗಳಲ್ಲಿ ಕೆಲವು ಮತ್ತೆ ಹಾಡುತ್ತಿದ್ದವು, ಕೆಲವು ಹಾಡುತ್ತಿರಲಿಲ್ಲ. ಮಕ್ತುಮಸಾಬನ ಮಾತು ಮಾತ್ರ ಒಂದು ದಿನವೂ ಕೆಟ್ಟು ನಿಂತದ್ದಿಲ್ಲ.

ಆ ವರ್ಷ ಹಾವೇರಿಯ ಬಟ್ಟೆ ವ್ಯಾಪಾರಿ ಪ್ರಭುಲಿಂಗಪ್ಪನಿಗೆ ಬ್ಯಾಡಗಿಗೆ ಆಕಾಶದಿಂದ ಚಿತ್ರ ಇಳಿಸುವ ಮನಸ್ಸಾಯಿತು. ಒಂದು ಮಾಳಿಗೆಯ ಮೇಲೆ ಹನ್ನೆರಡು ಅಡಿಯ ಡಿಶ್, ಅಲ್ಲಿಂದ ಮನೆಮನೆಗೆ ತಂತಿ. ಯಾವ ಮಾಳಿಗೆ ಎಂಬುದನ್ನು ಮಾತ್ರ ಅಳೆದೇ ಹೇಳಬೇಕು ಎಂದು ಅವನಿಗೆ ಯಾರೋ ತಲೆಗೆ ತುಂಬಿದ್ದರು. ಅಳೆಯುವ ಯಂತ್ರ ರಾಣೇಬೆನ್ನೂರಿನಲ್ಲಿ ಯೂಸುಫಸಾಬರ ಹತ್ತಿರ ಇತ್ತು. ಮಿಲಿಟರಿಯ ವೈರ್‌ಲೆಸ್ ವಿಭಾಗದಿಂದ ನಿವೃತ್ತರಾಗಿ ಬಂದ ಮನುಷ್ಯ. ಬರುವಾಗ ಹಳೆ ಸಾಮಾನಿನ ಹರಾಜಿನಲ್ಲಿ ಒಂದು ಸ್ಪೆಕ್ಟ್ರಮ್ ಅನಲೈಸರ್ ಹಿಡಿದುಕೊಂಡು ಬಂದಿದ್ದರು. ಕಣ್ಣಿಗೆ ಕಾಣದ ಸಿಗ್ನಲ್ಲನ್ನು ಗಾಜಿನ ಪರದೆಯ ಮೇಲೆ ಹಸಿರು ಗೆರೆಯಾಗಿ ನಿಲ್ಲಿಸಿ ತೋರಿಸುವ ಯಂತ್ರ ಅದು. ಹೊಸಬರಿಗೆಂದು ಅವರು ಎರಡು ದಿನದ ಕ್ಲಾಸು ನಡೆಸುತ್ತಿದ್ದರು, ಕಲಿತವರಿಗೆ ಯಂತ್ರವನ್ನು ಎರವಲು ಕೊಡುತ್ತಿದ್ದರು.

"ಹೋಗಿ ಕಲತ ಬಾ ಮಕ್ತುಮ," ಎಂದ ಪ್ರಭುಲಿಂಗಪ್ಪ. "ಅಳದು ಕೊಟ್ಟಿ ಅಂದ್ರ ಮುಂದ ಡಿಶ್ ನೋಡಿಕೊಳ್ಳಾವ ನೀನ."

"ನಾ ಕಲಿಯೂದೇನೈತ್ರಿ, ಒಂದ್ ಸಲ ನೋಡಿಕೊಂಡ ಬರ್ತೇನಿ," ಎಂದ ಮಕ್ತುಮಸಾಬ.

ಮದುವೆಯ ಕೋಟು ಹಾಕಿಕೊಂಡು ಹೊರಟ. ಮೋಟೆಬೆನ್ನೂರಿನಲ್ಲಿ ಇಳಿದು ರಾಣೇಬೆನ್ನೂರಿನ ಬಸ್ಸು ಹಿಡಿಯಬೇಕು. ಹೈವೇ ಬದಿಯ ಚಹಾದಂಗಡಿಯವನು ಕೋಟು ನೋಡಿ, "ಯಾವ ಊರಿಗೆ ಹೆಣ್ಣು ನೋಡಾಕ ಹೊಂಟೀರಿ ಸಾಹೇಬ್ರ," ಎಂದು ಕೇಳಿದ್ದೇ ತಪ್ಪಾಯಿತು. ಸ್ಪೆಕ್ಟ್ರಮ್ ಎಂದರೇನು ಎಂಬುದನ್ನು ಮಕ್ತುಮಸಾಬ ಅಲ್ಲಿ ಕೂತವರಿಗೆಲ್ಲ ಬುಡದಿಂದ ತಿಳಿಸಿಹೇಳಿದ. ಅವನಿಗೇ ಇನ್ನೂ ಗೊತ್ತಿರಲಿಲ್ಲವಾದ್ದರಿಂದ ಹೇಳಲು ಹೆಚ್ಚು ಹೊತ್ತು ಹಿಡಿಯಿತು. ಮೂರು ಬಸ್ಸು ಹೋದವು.

ಕ್ಲಾಸು ಮುಟ್ಟಿದಾಗ ಹನ್ನೊಂದೂವರೆ. ಯೂಸುಫಸಾಬರು ಬೆಳಗಿನ ಪಾಠ ಮುಗಿಸಿ ಬೋರ್ಡು ಒರೆಸುತ್ತಿದ್ದರು. ಮಕ್ತುಮಸಾಬ ಪಕ್ಕದಲ್ಲಿ ಕೂತಿದ್ದ ಗುತ್ತಲದವನನ್ನು ಮೆಲ್ಲಗೆ ಕೇಳಿದ: "ಮುಂಜಾನಿ ಏನರ ಮಹತ್ವದ್ದ ಆತೇನು?"

"ಏನಿಲ್ಲ ಬಿಡ್ರಿ," ಎಂದ ಗುತ್ತಲದವನು ಆಕಳಿಸುತ್ತ. "ಮಷೀನಿನಾಗ ಯಾವುದನ್ನ ನೋಡಬಾರದು ಅಂತ ಹೇಳಿದ್ರು."

ಮಕ್ತುಮಸಾಬನಿಗೆ ಜೀವ ಬಂತು. ನೋಡಬಾರದ್ದನ್ನು ಕಲಿಯಲು ಯಾವ ಶಾಣ್ಯಾ ಮನುಷ್ಯ ಬಸ್ ಚಾರ್ಜು ಕೊಟ್ಟು ಬರುತ್ತಾನೆ?

ನೋಡಬೇಕಾದ್ದನ್ನು ಅವನು ಚೆನ್ನಾಗಿಯೇ ಕಲಿತ. ಪರದೆಯ ತಳದಲ್ಲಿ ಹುಲ್ಲಿನಂತೆ ಅಲ್ಲಾಡುವುದು ಗದ್ದಲ. ಹುಲ್ಲಿನಿಂದ ಮೇಲೆದ್ದು ನಿಂತದ್ದು ಸಿಗ್ನಲ್. ಒಂದು ಗುಂಡಿ ಒತ್ತಿದರೆ ಹಸಿರು ಚುಕ್ಕಿಯೊಂದು ಎಲ್ಲಕ್ಕಿಂತ ಎತ್ತರದ ಗೆರೆಯ ನೆತ್ತಿಗೆ ಹಾರಿ ಕೂರುತ್ತದೆ. ಪಕ್ಕದಲ್ಲಿ ಬಂದ ಅಂಕಿ ಬರೆದುಕೊಂಡರೆ ಮುಗಿಯಿತು. "ಅಂಕಿ ಎಲ್ಲಾ ಮೈನಸ್ಸಿನ್ಯಾಗ ಬರ್ತಾವ, ಅದಕ್ಕ ಹೆದರಬ್ಯಾಡ್ರಿ," ಎಂದಿದ್ದರು ಯೂಸುಫಸಾಬರು. ಮಕ್ತುಮಸಾಬ ಹೆದರುವ ಪೈಕಿಯೇ ಅಲ್ಲ.

ಯಂತ್ರ ಬ್ಯಾಡಗಿಗೆ ಬಂತು. ಇಪ್ಪತ್ತು ಕಿಲೋ ತೂಕದ ಪೆಟ್ಟಿಗೆಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದ ಮಕ್ತುಮಸಾಬ ಎರಡು ದಿನ ಕುಂಟಿದ. ಅಂಗಡಿಯ ಬಾಗಿಲಲ್ಲಿ ಅದು ತೂರಲಿಲ್ಲ, ಮನೆಗೇ ಒಯ್ಯಬೇಕಾಯಿತು. ಹೆಂಡತಿ ಜೈತೂನಬಿ ಅದರ ಸುತ್ತ ಒಂದು ಸುತ್ತು ಬಂದಳು.

"ಇದರಾಗ ಹಾಡು ಬರತೈತೇನು?"

"ಇಲ್ಲ."

"ಚಿತ್ರ?"

"ಇಲ್ಲ."

"ಮತ್ತೇನ್ ಬರತೈತಿ?"

"ಅಂಕಿ."

"ಅಂಕಿ ನೋಡಾಕ ಗ್ವಾಡಿ ಮ್ಯಾಲೆ ಕ್ಯಾಲೆಂಡರ್ ಐತಲ್ಲ," ಎಂದು ಜೈತೂನಬಿ ರೊಟ್ಟಿ ಬಡಿಯಲು ಹೋದಳು.

ಡಿಶ್ ಕೂತ ಮನೆಗೆ ಪುಕ್ಕಟೆ ಕನೆಕ್ಷನ್ ಎಂದು ಪ್ರಭುಲಿಂಗಪ್ಪ ಸಾರಿದ್ದೇ ತಡ, ಏಳು ಮಾಳಿಗೆಯವರು ಎದ್ದು ನಿಂತರು. ಎಲ್ಲರಿಗಿಂತ ಮುಂದೆ ಕರಬಸಪ್ಪ. ಮೂರಂತಸ್ತಿನ ಮನೆ ಕಟ್ಟಿಸಿ ಮೇಲೆ ಏನೂ ಇಡದೆ ನಾಲ್ಕು ವರ್ಷದಿಂದ ಸಂಕಟಪಡುತ್ತಿದ್ದ ಮನುಷ್ಯ. ಕಾರಪುಡಿ ಗಿರಣಿಯ ಕುಲ್ಸುಮಬಿ ಎದ್ದಳು. ಪೇಟೆಯಲ್ಲಿ ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುವ ಮುದುಕಿ ಗದಿಗೆವ್ವನೂ ಎದ್ದಳು. ಅವಳದು ಮಣ್ಣಿನ ಮಾಳಿಗೆ. ಬೆಳಕಿಂಡಿಯಿಂದ ಮಳೆನೀರು ಒಲೆಗೇ ಬೀಳುತ್ತಿತ್ತು. ಡಿಶ್ ಎಂದರೆ ಹನ್ನೆರಡು ಅಡಿಯ ಬೋಗುಣಿ ಎಂದು ಕೇಳಿ, ಅದನ್ನು ಬೋರಲು ಹಾಕಿಸಿಕೊಂಡರೆ ಮುಂದಿನ ಮಳೆಗಾಲಕ್ಕೆ ಚಿಂತೆಯಿಲ್ಲ ಎಂಬುದು ಅವಳ ಲೆಕ್ಕ.

"ಬಾಯಿ ಮಾತಿನ ಅಳತಿ ನಡೆಯೂದಿಲ್ಲ," ಎಂದ ಕರಬಸಪ್ಪ. "ನಮ್ಮೂರಾಗ ಏನಿದ್ರೂ ಟೆಂಡರ್. ಮಕ್ತುಮ ಅಳೀಲಿ, ಚೀಟಿ ಬರೀಲಿ, ಪೆಟಿಗಿಗೆ ಹಾಕಲಿ. ಪ್ಯಾಟಿ ದಿನ ನಾಕ ಮಂದಿ ಮುಂದ ಒಡಿಯೋಣು."

ಹಾಗೆಂದು, ಮಕ್ತುಮಸಾಬನನ್ನು ಮೆಟ್ಟಿಲ ಕೆಳಗೆ ಕರೆದು, ಭುಜದ ಮೇಲೆ ಕೈಯಿಟ್ಟು, ತಂದೆ ಮಗನಿಗೆ ಹೇಳುವಂತೆ ಹೇಳಿದ: "ನೋಡಪಾ, ನ್ಯಾಯ ಬಿಟ್ಟು ನಡೀಬ್ಯಾಡ. ಆದ್ರ ಡಿಶ್ ನಮ್ಮ ಮಾಳಗಿ ಬಿಟ್ಟು ಬ್ಯಾರೆ ಕಡೆ ಕುಂತ್ರ ಈ ಅಂಗಡಿ ಕೀಲಿ ನನ್ನ ಕೈಗೆ ತಂದ ಕೊಡು. ಇಲ್ಲೆ ಮೆಣಸಿನಕಾಯಿ ಚೀಲ ಇಡಾಕ ಜಾಗಾ ಬೇಕಾಗೈತಿ."

"ಮಷೀನು ಹೇಳಿದ್ದ ಹೇಳತೈತ್ರಿ ಸಾಹುಕಾರ," ಎಂದ ಮಕ್ತುಮಸಾಬ. ಕೋಟಿನ ಗುಂಡಿ ಹಾಕಿಕೊಂಡ.

ಅಳತೆಯ ಮೆರವಣಿಗೆ ನಾಲ್ಕು ದಿನ ನಡೆಯಿತು. ತಳ್ಳುಗಾಡಿಯಲ್ಲಿ ಯಂತ್ರ, ಅದರ ಮೇಲೆ ಯೂಸುಫಸಾಬರೇ ಕೊಟ್ಟ ಆರಡಿಯ ಪರೀಕ್ಷೆಯ ಡಿಶ್, ಹಿಂದೆ ಕೋಟಿನಲ್ಲಿ ಮಕ್ತುಮಸಾಬ, ಅವನ ಹಿಂದೆ ಅರ್ಧ ಊರು. ಪ್ರತಿ ಮನೆಯಲ್ಲೂ ಹಗ್ಗ ಕಟ್ಟಿ ಮೇಲೆಳೆಯುವುದು, ಡಿಶ್ಶನ್ನು ಆಕಾಶದ ಕಡೆ ತಿರುಗಿಸುವುದು. ಆಕಾಶ ಎಲ್ಲ ಕಡೆಯೂ ಇದ್ದುದರಿಂದ ಅದೇನೂ ಕಷ್ಟವಾಗಲಿಲ್ಲ. ಆಮೇಲೆ ಮಕ್ತುಮಸಾಬ ಕಣ್ಣು ಮುಚ್ಚಿ, ಗುಂಡಿ ಒತ್ತಿ, ಕಣ್ಣು ತೆರೆಯುವನು. ಪರದೆಯ ಎಡತುದಿಯಲ್ಲಿ ಗುಡಿಯ ದೀಪಸ್ತಂಭದ ಹಾಗೆ ನೆಟ್ಟಗೆ ನಿಂತ ಒಂದು ಗೆರೆ. ಅದರ ನೆತ್ತಿಯ ಮೇಲೆ ಚುಕ್ಕಿ. ಅಂಕಿ ಬರೆದು, ಚೀಟಿ ಮಡಚಿ, ಪೆಟ್ಟಿಗೆಗೆ ಹಾಕಿ, ಚಹಾ ಕುಡಿಯುವನು.

ಏಳು ಮನೆಯಲ್ಲೂ ಗೆರೆ ಅಲ್ಲೇ ನಿಂತಿತು, ಅಂಕಿ ಅದೇ ಬಂತು. ಇದರಿಂದ ಬೇರೆಯವನಾಗಿದ್ದರೆ ಅನುಮಾನಪಡುತ್ತಿದ್ದ. ಮಕ್ತುಮಸಾಬನಿಗೆ ಯಂತ್ರದ ಮೇಲೆ ಗೌರವ ಹೆಚ್ಚಾಯಿತು. ಸಾಹುಕಾರನ ಮನೆಯಲ್ಲಿ ಒಂದು, ಬಡವಿಯ ಮನೆಯಲ್ಲಿ ಒಂದು ಆಡುವ ಈ ಕಾಲದಲ್ಲಿ ಮಾತು ಬದಲಿಸದ ಒಬ್ಬ ಗೃಹಸ್ಥ ಸಿಕ್ಕಿದ್ದನಲ್ಲ.

ಮನೆಗೆ ಕಾಣಿಕೆಗಳೂ ಬಂದವು. ಯಾರೋ ಒಂದು ಬುಟ್ಟಿ ಬದನೆಕಾಯಿ ಕಳಿಸಿದರು, ಯಾರೋ ಹೋಳಿಗೆ. ಕುಲ್ಸುಮಬಿ ಒಂದು ಕೋಳಿಯನ್ನೇ ಕಳಿಸಿದಳು. ಮಕ್ತುಮಸಾಬ ಯಾವುದಕ್ಕೂ ಮಣಿಯಲಿಲ್ಲ, ಯಾವುದನ್ನೂ ಮರಳಿಸಲೂ ಇಲ್ಲ.

ಪ್ಯಾಟಿ ದಿನ ಬಂತು. ಮಾರುಕಟ್ಟೆಯ ಅಂಗಳದ ತುಂಬ ಮೆಣಸಿನಕಾಯಿಯ ಕೆಂಪು ರಾಶಿ, ಊರೆಲ್ಲ ಸೀನು. ಕಟ್ಟೆಯ ಮೇಲೆ ಪೆಟ್ಟಿಗೆ ಇಟ್ಟು ಪ್ರಭುಲಿಂಗಪ್ಪ ಚೀಟಿ ಒಡೆದ.

"ಕರಬಸಪ್ಪನವರ ಮಾಳಗಿ. ಮೈನಸ್ ಇಪ್ಪತ್ತೆರಡು."

ಕರಬಸಪ್ಪ ತಲೆಯ ಪಟಕಾ ಸರಿಮಾಡಿಕೊಂಡ.

"ಕುಲ್ಸುಮಬಿ ಅವರ ಗಿರಣಿ. ಮೈನಸ್ ಇಪ್ಪತ್ತೆರಡು."

ಕರಬಸಪ್ಪನ ಕೈ ಪಟಕಾದ ಮೇಲೇ ನಿಂತಿತು. ಮೂರನೆಯದೂ ಇಪ್ಪತ್ತೆರಡು. ನಾಲ್ಕನೆಯದಕ್ಕೆ ಹಮಾಲರು ಚೀಲ ಹೊತ್ತಲ್ಲೇ ನಿಂತರು. ಏಳನೆಯದು ಗದಿಗೆವ್ವನದು; ಅದನ್ನು ಓದುವ ಧೈರ್ಯ ಪ್ರಭುಲಿಂಗಪ್ಪನಿಗೆ ಬರಲಿಲ್ಲ, ಮಡಚಿದ ಚೀಟಿಯನ್ನು ಸುಮ್ಮನೆ ಎತ್ತಿ ತೋರಿಸಿದ.

ಬ್ಯಾಡಗಿಯಲ್ಲಿ ಹುಟ್ಟಿದವರಿಗೆ ಟೆಂಡರಿನ ವಿಷಯದಲ್ಲಿ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ರಾಶಿಗೆ ಎರಡು ಚೀಟಿಯಲ್ಲಿ ಒಂದೇ ರೇಟು ಬಂದರೆ ಯೋಗಾಯೋಗ. ಮೂರರಲ್ಲಿ ಬಂದರೆ ಬೀಗತನ. ಏಳರಲ್ಲಿ ಬಂದರೆ ವ್ಯಾಪಾರಿಗಳು ಒಳಗೊಳಗೇ ಕೂಡಿಕೊಂಡಿದ್ದಾರೆ ಎಂದೇ ಅರ್ಥ. ರೈತ ಮಾಲನ್ನು ಗಾಡಿಗೆ ಹೇರಿಕೊಂಡು ಊರಿಗೆ ಹೋಗುತ್ತಾನೆ.

"ಕೂಟ ಮಾಡ್ಯಾರ," ಎಂದಿತು ಹಿಂದಿನಿಂದ ಒಂದು ದನಿ.

ಯಾರು ಯಾರ ಜೊತೆ ಕೂಟ ಮಾಡಿದರು ಎಂಬುದು ಮಾತ್ರ ತಿಳಿಯಲಿಲ್ಲ. ತನ್ನ ಮಾಳಿಗೆಯ ಅಂಕಿ ಬಹಳ ಮೇಲಿತ್ತು, ಉಳಿದ ಆರು ಮಂದಿ ಸೇರಿ ಇಳಿಸಿದರು ಎಂದು ಏಳು ಮಂದಿಗೂ ಖಾತ್ರಿಯಿತ್ತು.

"ನನ್ನ ಕೋಳಿ ವಾಪಸ್ ಕೊಡು," ಎಂದಳು ಕುಲ್ಸುಮಬಿ.

"ಅದು ಹೋತಲ್ಲ ಆಪಾ," ಎಂದ ಮಕ್ತುಮಸಾಬ ವಿಷಾದದಿಂದ. "ಭಾಳ ಚೊಲೋ ಕೋಳಿ ಇತ್ತು."

ಕರಬಸಪ್ಪ ಮಾತ್ರ ಸಾವಕಾಶ ಎದ್ದ. "ಮೂರಂತಸ್ತಿನ ನಮ್ಮ ಮನಿಗೂ ಗದಿಗೆವ್ವನ ಗುಡಸಲಕ್ಕೂ ಒಂದ ಅಂಕಿ. ಮಕ್ತುಮ, ಮುಂದಿನ ಪ್ಯಾಟಿ ದಿನದೊಳಗ ಇದು ಖರೇ ಅಂತ ನಾಕ ಮಂದಿ ಮುಂದ ಸಿದ್ಧ ಮಾಡಿ ತೋರಸು. ಇಲ್ಲಾಂದ್ರ ಕೀಲಿ."

"ಗುಡಸಲಾ ಯಾರದಪಾ," ಎಂದಳು ಗದಿಗೆವ್ವ. "ನಿಮ್ಮಪ್ಪ ನಮ್ಮ ಮಾಳಗಿ ಮ್ಯಾಲ ಗಾಳಿಪಟ ಹಾರಿಸಿ ಬಿದ್ದಿದ್ದ, ಕೇಳಿ ನೋಡು."

ಮನೆಗೆ ಬಂದ ಮಕ್ತುಮಸಾಬ ಯಂತ್ರವನ್ನು ಚಾಲೂ ಮಾಡಿ ಅದರ ಮುಂದೆ ಮಂಡಿಯೂರಿ ಕೂತ. ಯಂತ್ರ ಮೈನಸ್ ಇಪ್ಪತ್ತೆರಡು ಎಂದು ಹೇಳುತ್ತಲೇ ಇತ್ತು. ಹದಿನೆಂಟು ವರ್ಷದ ಅಂಗಡಿ, ನಲವತ್ತು ರೇಡಿಯೋ, ಎಲ್ಲವನ್ನೂ ಎಲ್ಲಿಗೆ ಹೊತ್ತುಕೊಂಡು ಹೋಗುವುದು? ಜೈತೂನಬಿ ಕಸಬರಿಗೆ ಹಿಡಿದು ಬಂದಳು.

"ಕಾಲೆತ್ರಿ. ಇದರದೂ ಬಾಲಾ ಎತ್ರಿ."

ಅವನು ಎತ್ತಲಿಲ್ಲ. ಅವಳೇ ಡಿಶ್ಶಿನ ತಂತಿಯನ್ನು ಯಂತ್ರದಿಂದ ಕಿತ್ತು ಪಕ್ಕಕ್ಕಿಟ್ಟು ಗುಡಿಸಿದಳು. ಗುಡಿಸಿ ನೋಡುತ್ತಾಳೆ, ಪರದೆಯ ಕಂಬ ನಿಂತೇ ಇದೆ.

"ತಂತಿ ಕಿತ್ತೇನಿ. ಆದ್ರೂ ಇಪ್ಪತ್ತೆರಡ ಅಂತೈತಲ್ರೀ ಇದು."

ಮಕ್ತುಮಸಾಬ ನೋಡಿದ. ತಂತಿ ಹಚ್ಚಿದ, ಇಪ್ಪತ್ತೆರಡು. ಕಿತ್ತ, ಇಪ್ಪತ್ತೆರಡು. ಅವನ ಮುಖ ಮೆಲ್ಲಗೆ ಅರಳಿತು. ದೊಡ್ಡ ಸತ್ಯಗಳು ಹೊಳೆಯುವುದು ಹೀಗೆಯೇ, ಅರ್ಧ ಮಾತ್ರ.

"ಜೈತೂನ, ನಮ್ಮೂರಾಗ ಸಿಗ್ನಲ್ ಎಷ್ಟು ಜಬರದಸ್ತ್ ಐತಿ ನೋಡು. ತಂತಿ ಇಲ್ದನ ಒಳಗ ಬರಾಕತ್ತೈತಿ."

ಜೈತೂನಬಿ ಗಂಡನ ಮುಖವನ್ನೂ ಕಸಬರಿಗೆಯನ್ನೂ ಒಮ್ಮೆ ನೋಡಿ ಒಳಗೆ ಹೋದಳು.

ಮುಂದಿನ ಪ್ಯಾಟಿ ದಿನ ಮಕ್ತುಮಸಾಬ ಕಟ್ಟೆಯ ಮೇಲೆ ಯಂತ್ರವಿಟ್ಟು ಕೋಟಿನ ತೋಳು ಮಡಚಿದ. "ಕೂಟ ಅಂದ್ರಿ. ಈಗ ನೋಡ್ರಿ." ಡಿಶ್ಶಿನ ತಂತಿಯನ್ನು ಕಿತ್ತು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. "ತಂತಿ ನನ್ನ ಕೈಯಾಗೈತಿ. ಸಿಗ್ನಲ್ ಮಷೀನಿನ್ಯಾಗೈತಿ. ಬ್ಯಾಡಗಿ ತುಂಬ ಸಿಗ್ನಲ್ ತುಂಬಿ ತುಳಕಾಕತ್ತೈತಿ. ಕರಬಸಪ್ಪ ಸಾಹುಕಾರ ಮ್ಯಾಲೂ ಬಿದ್ದೈತಿ, ಗದಿಗೆವ್ವನ ಮ್ಯಾಲೂ ಬಿದ್ದೈತಿ."

ಜನ ತಮ್ಮ ತಮ್ಮ ಮೈ ನೋಡಿಕೊಂಡರು. ಕುಲ್ಸುಮಬಿ ಸೆರಗು ಹೊದ್ದುಕೊಂಡಳು. ಕರಬಸಪ್ಪ ಪಟಕಾ ತೆಗೆದು ಒಮ್ಮೆ ಕೊಡವಿದ. ಆ ಒಂದು ಗಳಿಗೆ ಮಕ್ತುಮಸಾಬ ಗೆದ್ದೇಬಿಟ್ಟಿದ್ದ.

ಮೆಣಸಿನಕಾಯಿ ರಾಶಿಯ ಪಕ್ಕ ತುಂಬು ಬಿಡಿಸುತ್ತ ಕೂತಿದ್ದ ಗದಿಗೆವ್ವ ತಲೆಯೆತ್ತಿದಳು. "ಅಲ್ಲೋ ತಮ್ಮಾ, ತಂತಿ ಇಲ್ದನ ಬರತೈತಿ ಅಂದ್ರ ಡಿಶ್ ಯಾಕ ಬೇಕು?"

ಅಂಗಳದಲ್ಲಿ ಸೀನುಗಳೂ ನಿಂತವು. ಪ್ರಭುಲಿಂಗಪ್ಪನ ಮುಖ ಒಗೆದ ಖಾದಿಯಾಯಿತು. "ಡಿಶ್ ಲಾರಿ ಹತ್ತಿ ಆಗೇತಿ. ನಾಳೆ ಬಂದ ಇಳಿತೈತಿ," ಎಂದು ಯಾರಿಗೂ ಅಲ್ಲದೆ ಹೇಳಿ, ಸ್ಕೂಟರ್ ಹತ್ತಿ ರಾಣೇಬೆನ್ನೂರಿನ ದಿಕ್ಕಿಗೆ ಹೋದ.

ಮಧ್ಯಾಹ್ನ ಯೂಸುಫಸಾಬರು ಅದೇ ಸ್ಕೂಟರಿನ ಹಿಂದೆ ಕೂತು ಬಂದರು. ಬಿಳಿ ಗಡ್ಡ, ಮಿಲಿಟರಿ ಬೆನ್ನು. ಪರದೆಯ ಮುಂದೆ ಬಗ್ಗಿ ನೋಡಿದರು. ತಂತಿ ನೋಡಿದರು. ಮಕ್ತುಮಸಾಬನನ್ನು ನೋಡಿದರು.

"ಮೊದಲನೇ ದಿನ ಎಷ್ಟಕ್ಕ ಬಂದಿದ್ರಿ ನೀವು?"

"ಸ್ವಲ್ಪ ತಡಾ ಆಗಿತ್ರಿ."

"ಎಡಕ ನಿಂತ ಈ ಕಂಬ ಆಕಾಶದ್ದಲ್ಲ. ಮಷೀನಿನ ಸ್ವಂತ ದನಿ. ಎಡತುದಿಯ ಸೊನ್ನೆ ಗುರ್ತಿನ ಮ್ಯಾಲೆ ಯಾವಾಗಲೂ ನಿಂತಿರತೈತಿ. ಇದನ್ನ ನೋಡಬ್ಯಾಡ್ರಿ ಅಂತ ಹೇಳಾಕ ನಾ ಎರಡೂವರಿ ತಾಸು ತಗೊಂಡಿದ್ದೆ." ಜನರ ಕಡೆ ತಿರುಗಿದರು. "ನಿಮಗ ತಿಳಿಯೂ ಹಂಗ ಹೇಳ್ತೇನಿ. ಈತ ಏಳು ಮನಿಗೆ ಹೋಗಿ ಮಾಲು ಹಾಕದ ಖಾಲಿ ಚೀಲಾ ತೂಗಿ ಬಂದಾನ."

ಬೇರೆ ಊರಾಗಿದ್ದರೆ ಇದನ್ನು ತಿಳಿಸಲು ಇನ್ನೂ ಎರಡೂವರೆ ತಾಸು ಬೇಕಾಗುತ್ತಿತ್ತು. ಇದು ಬ್ಯಾಡಗಿ. ಖಾಲಿ ಚೀಲ ಎಂದ ಕೂಡಲೇ ನಗೆ ಅಂಗಳದ ಒಂದು ತುದಿಯಿಂದ ಎದ್ದು ಇನ್ನೊಂದು ತುದಿಗೆ ಹೋಗಿ, ಬಾಕಿ ಉಳಿದವರನ್ನು ಕರೆದುಕೊಂಡು ಮರಳಿ ಬಂತು. ಹಮಾಲರು ಚೀಲದ ಮೇಲೆ ಬಿದ್ದು ನಕ್ಕರು. ಕರಬಸಪ್ಪ ಒಬ್ಬ ನಗಲಿಲ್ಲ, ಕೈ ಚಾಚಿದ. ಕೋಟಿನ ಕಿಸೆಯಲ್ಲಿದ್ದ ಕೀಲಿಯನ್ನು ಮಕ್ತುಮಸಾಬ ಮುಷ್ಟಿಯಲ್ಲಿ ಹಿಡಿದ. ಹೊರಗೆ ತೆಗೆಯಲಿಲ್ಲ.

"ಖರೇ ಮಾಲು ತೂಗಿದ ಮ್ಯಾಲೆ ಕೊಡ್ತೇನ್ರಿ ಸಾಹುಕಾರ," ಎಂದ. ದನಿ ಸಣ್ಣದಾಗಿತ್ತು, ನೆಟ್ಟಗಿತ್ತು.

"ಅದು ಬರೋಬ್ಬರಿ ಮಾತು," ಎಂದರು ಯೂಸುಫಸಾಬರು.

ಮತ್ತೆ ತಳ್ಳುಗಾಡಿ ಹೊರಟಿತು, ಚಹಾಕ್ಕೆ ಎಲ್ಲೂ ನಿಲ್ಲಲಿಲ್ಲ. ಈ ಸಲ ಯೂಸುಫಸಾಬರು ದಿಕ್ಸೂಚಿ ಹಿಡಿದು, ಡಿಶ್ಶನ್ನು ಕೂದಲೆಳೆಯಷ್ಟು ಅತ್ತ ಇತ್ತ ಸರಿಸಿ, ಎಡದ ಕಂಬವನ್ನು ಪರದೆಯ ಆಚೆ ನೂಕಿದರು. ಆಗ ಹುಲ್ಲಿನೊಳಗಿಂದ ಪುಟ್ಟ ದಿಬ್ಬಗಳು ಎದ್ದವು, ಮೆಣಸಿನಕಾಯಿ ರಾಶಿಗಳ ಹಾಗೆ ಸಾಲಾಗಿ. "ಇವು ಆಕಾಶದವು," ಎಂದರು. ಮಕ್ತುಮಸಾಬ ಕಣ್ಣು ಮಿಟುಕಿಸದೆ ನೋಡಿದ, ಈ ಸಲ ಮಾತಾಡಲಿಲ್ಲ. ಅವನ ಬಾಯಿ ಮುಚ್ಚಿದ್ದನ್ನು ಬ್ಯಾಡಗಿ ಅದೇ ಮೊದಲು ಕಂಡಿತು.

ಕರಬಸಪ್ಪನ ಮೂರನೇ ಅಂತಸ್ತು: ಮೈನಸ್ ನಲವತ್ತೆಂಟು. ಗಿರಣಿ: ಮೈನಸ್ ನಲವತ್ತೆಂಟು. ಆರು ಮಾಳಿಗೆ ಮುಗಿಸಿ ಸಂಜೆ ಗದಿಗೆವ್ವನ ಬೆಳಕಿಂಡಿಯ ಪಕ್ಕ ನಿಂತು ಗುಂಡಿ ಒತ್ತಿದರು. ಮೈನಸ್ ನಲವತ್ತೆಂಟು.

ಊರು ಯೂಸುಫಸಾಬರನ್ನು ನೋಡಿತು. ಊರಿನ ಕಣ್ಣಿನಲ್ಲಿ ಅನುಮಾನವಿತ್ತು.

"ನಿಮಗೂ ಯಾರರ ಕೋಳಿ ಕಳಿಸಿದ್ರೇನ್ರಿ?" ಎಂದ ಕರಬಸಪ್ಪ.

"ಸಾಹುಕಾರ," ಎಂದರು ಯೂಸುಫಸಾಬರು, ಸಣ್ಣ ಮಕ್ಕಳಿಗೆ ಹೇಳುವಷ್ಟು ಮೆತ್ತಗೆ, "ಸಿಗ್ನಲ್ ಬಿಡೂ ಉಪಗ್ರಹ ಮೂವತ್ತಾರು ಸಾವಿರ ಕಿಲೋಮೀಟರ್ ಮ್ಯಾಲೈತಿ. ಅಲ್ಲಿಂದ ನೋಡಿದ್ರ ಬ್ಯಾಡಗಿ ಅನ್ನೂದು ಒಂದು ಮೆಣಸಿನಕಾಯಿ ಬೀಜ. ಅದರಾಗ ನಿಮ್ಮ ಮೂರಂತಸ್ತು ಎಲ್ಲಿ ಕಾಣಬೇಕು? ಮರಾ ಗಿಡಾ ಅಡ್ಡ ಇರದಿದ್ರ ಸಾಕು, ಎಲ್ಲಾರಿಗೂ ಒಂದ ಅಂಕಿ."

ಮೊದಲು ತಿಳಿದದ್ದು ಜೈತೂನಬಿಗೆ. "ಹಂಗಾರ ನಮ್ಮ ಮನಿಯವರು ಹೇಳಿದ್ದ ಖರೇ ಆತಲ್ಲ," ಎಂದಳು, ಊರಿಗೆಲ್ಲ ಕೇಳುವಂತೆ. "ಎಲ್ಲಾ ಕಡೆ ಒಂದ ಐತಿ ಅಂತ ಅವರು ಮೊದಲ ದಿನಾನ ಬರದಿದ್ರು."

"ಲೆಕ್ಕಾ ತಪ್ಪು," ಎಂದು ಯೂಸುಫಸಾಬರು ಗಡ್ಡ ಕೆರೆದುಕೊಂಡರು. "ಉತ್ತರ ಬರೋಬ್ಬರಿ."

ಮಕ್ತುಮಸಾಬನ ಬೆನ್ನು ಕೋಟಿನೊಳಗೆ ಮತ್ತೆ ನೆಟ್ಟಗಾಯಿತು.

"ಅಂದ್ರ ಡಿಶ್ ಎಲ್ಲಿಡಬೇಕು?" ಎಂದು ಪ್ರಭುಲಿಂಗಪ್ಪ ಅಳುವ ದನಿಯಲ್ಲಿ ಕೇಳಿದ.

"ಯಾರು ಜೋಪಾನ ಮಾಡ್ತಾರೋ ಅಲ್ಲಿ," ಎಂದರು ಯೂಸುಫಸಾಬರು. "ಗಾಳಿ ಬಂದಾಗೆಲ್ಲ ಮ್ಯಾಲೆ ಹತ್ತಿ ಬೋಲ್ಟು ಬಿಗಿ ಮಾಡಬೇಕು. ಮಂಗ್ಯಾ ಓಡಿಸಬೇಕು. ಪಾರಿವಾಳ ಮಾಡಿದ್ದ ಒರಸಬೇಕು. ದಿನಾ."

ಏಳು ಮಾಳಿಗೆಯವರಲ್ಲಿ ಐದು ಮಂದಿ ಒಂದು ಹೆಜ್ಜೆ ಹಿಂದೆ ಸರಿದರು. ಕುಲ್ಸುಮಬಿಯ ಮಾಳಿಗೆಯ ಮೇಲೆ ಶ್ಯಾವಿಗೆ ಒಣಗುತ್ತಿದ್ದುದು ಆಗಲೇ ನೆನಪಾಯಿತು. ಡಿಶ್ ಬೋರಲು ಹಾಕುವುದಿಲ್ಲ, ಅಂಗಾತ ಇಡುತ್ತಾರೆ ಎಂದು ತಿಳಿದು ಗದಿಗೆವ್ವ, "ನೀರು ತುಂಬಿ ನಮ್ಮ ಮಾಳಗಿ ಕೂಡತೈತಿ, ಬ್ಯಾಡಪಾ," ಎಂದಳು. ಹಿಂದೆ ಸರಿಯಲಾರದವನು ಕರಬಸಪ್ಪ ಒಬ್ಬನೇ. ವಾರದಿಂದ ಅಷ್ಟು ಕೂಗಾಡಿದವನು ಈಗ ಬೇಡವೆಂದರೆ ಊರು ಸುಮ್ಮನಿದ್ದೀತೇ? ಮೂರನೇ ಅಂತಸ್ತಿಗೆ ಒಂದು ಸಲ ಹತ್ತಿದರೆ ಎರಡು ದಿನ ಮಲಗುವ ದೇಹ ಬೇರೆ.

"ನಮ್ಮ ಮಾಳಗಿ ಮ್ಯಾಲೆ ಇಡ್ರಿ," ಎಂದ, ಔಷಧ ನುಂಗಿದವನಂತೆ. "ಒರಸಾವ ಯಾರು?"

"ಮಷೀನು ಬಲ್ಲವರು ಆದ್ರ ಚೊಲೋ," ಎಂದರು ಯೂಸುಫಸಾಬರು. "ಈ ಊರಾಗ ಒಬ್ಬನ ಅದಾನ. ಒಂದ ತಪ್ಪನ್ನ ಏಳು ಮಾಳಗಿ ಮ್ಯಾಲೆ ಮಾಡಿ ಬಂದಾನ, ಎಂಟನೇ ಸಲ ಮಾಡೂದಿಲ್ಲ."

ಎಲ್ಲರೂ ಮಕ್ತುಮಸಾಬನ ಕಡೆ ತಿರುಗಿದರು. ಅವನು ಅವಸರ ಮಾಡಲಿಲ್ಲ. ಕಿಸೆಯಿಂದ ಅಂಗಡಿಯ ಕೀಲಿ ತೆಗೆದು ಕರಬಸಪ್ಪನ ಮುಂದೆ ಚಾಚಿದ. "ತಗೋರಿ ಸಾಹುಕಾರ. ಮೆಣಸಿನಕಾಯಿ ಚೀಲ ಇಡಬೇಕಂದಿದ್ರಿ."

ಕರಬಸಪ್ಪ ಆ ಕೀಲಿಯನ್ನು ನೋಡಿದ, ಆಕಾಶವನ್ನು ನೋಡಿದ, ಒಂದು ಪಾರಿವಾಳ ಹಾರಿಹೋದದ್ದನ್ನು ನೋಡಿದ. ಉಡಿದಾರಕ್ಕೆ ಕಟ್ಟಿದ್ದ ಮಾಳಿಗೆಯ ಬಾಗಿಲ ಕೀಲಿಯನ್ನು ಬಿಚ್ಚಿ, ಅಂಗಡಿಯ ಕೀಲಿಯ ಪಕ್ಕದಲ್ಲಿಟ್ಟು, ಮಕ್ತುಮಸಾಬನ ಬೆರಳುಗಳನ್ನು ತಾನೇ ಮಡಚಿದ.

"ಎರಡೂ ನಿನ್ನ ಕಡೇನ ಇರಲಿ."

ಮಕ್ತುಮಸಾಬ ಎರಡು ಕೀಲಿಯನ್ನೂ ಕೈಯಲ್ಲೇ ತೂಗಿ ನೋಡಿದ. "ಇರಲಿರಿ. ಆದ್ರ ಮಷೀನು ಅಂಗಡಿ ಒಳಗ ಹೋಗೂದಿಲ್ಲರಿ. ಬಾಗಿಲಾ ಒಂದ ಅಡಿ ಅಗಲ ಆಗಬೇಕು."

ಮರುದಿನ ಬೆಳಿಗ್ಗೆ ಡಿಶ್ಶಿನ ಲಾರಿಗಿಂತ ಮೊದಲು ಗೋಡೆ ಒಡೆಯುವ ಸುತ್ತಿಗೆ ಹಿಡಿದು ಕರಬಸಪ್ಪನ ಗೌಂಡಿ ಬಂದ.